ಬರಗಾಲದಲ್ಲಿ ಶ್ರೀಗಂಧಕ್ಕೆ ಆಸರೆ ಮರ

ಒಣ ಕಾಡಿನಲ್ಲಿ ಶ್ರೀಗಂಧವು ಇತರ ಮರಗಿಡಗಳ ನಡುವೆಯೇ ಬೆಳೆಯುತ್ತದೆ. ಇದಕ್ಕೆ ಕಾರಣವುಂಟು. ಶ್ರೀಗಂಧವು ಅರೆ ಪರಾವಲಂಬಿ. ಎಲೆಗಳಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ಸಣ್ಣ ಗಂಟಿನಂತಹ ಹೀರುಬೇರುಗಳ ಮೂಲಕ ನೆರೆಯ ಗಿಡಗಳ ಬೇರಿನಿಂದ ನೀರು ಮತ್ತು ಪೋಷಕಾಂಶಗಳನ್ನು ಪಡೆಯುತ್ತದೆ. ಆದುದರಿಂದ ಅದು ಬರವನ್ನು ತಾಳುವುದು ನೆರೆಮರದ ಬೇರನ್ನೂ ಅವಲಂಬಿಸಿದೆ. ಹೊಲದಲ್ಲಿ ಒಂಟಿಯಾಗಿ ನೆಟ್ಟ ಗಿಡ ಬೇಸಿಗೆಯಲ್ಲಿ ಸೊರಗಿದರೆ, ರೋಗವೆಂದು ಭಾವಿಸುವ ಮೊದಲು ಇದನ್ನು ಗಮನಿಸಬೇಕು.

ಸಸಿಯ ಚೀಲದಲ್ಲಿ ಒಂದು ತೊಗರಿ ಗಿಡವಿದ್ದರೆ ಸಾಕು. ಆದರೆ ತೊಗರಿಯ ಆಯುಸ್ಸು ಕೆಲವೇ ವರ್ಷ. ಗಂಧದ ಚೇಗು ಬಲಿಯಲು ದಶಕಗಳೇ ಬೇಕು. ಆದಕಾರಣ ಹೊಲದಲ್ಲಿ ಹೊಂಗೆ, ಸರ್ವೆ ಮುಂತಾದ ಬಹುಕಾಲ ಬಾಳುವ ಮರಗಳನ್ನು ಜೊತೆಯಲ್ಲಿ ನೆಡುವುದು ಅವಶ್ಯ.

ಈ ನೆರವಿಗೂ ಮಿತಿಯುಂಟು. ಒಂದೇ ಆಸರೆ ಮರಕ್ಕೆ ಹಲವು ಗಂಧದ ಗಿಡಗಳು ಅಂಟಿಕೊಂಡರೆ, ಬರದಲ್ಲಿ ಮೊದಲು ಆಸರೆ, ಅನಂತರ ಗಂಧ ಸೊರಗುತ್ತದೆ. ಆಸರೆ ಮರದ ನೆರಳು ಅತಿಯಾದರೆ ಕೊಂಬೆ ಸವರಬೇಕು.

2001ರ ಕಾಯ್ದೆ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಸ್ವಂತ ಜಮೀನಿನ ಶ್ರೀಗಂಧಕ್ಕೆ ರೈತನೇ ಒಡೆಯ. ಆ ಒಡೆತನ ಫಲ ಕೊಡಬೇಕಾದರೆ, ಗಂಧದಷ್ಟೇ ಆರೈಕೆ ಆಸರೆ ಮರಕ್ಕೂ ಸಲ್ಲಬೇಕು.