ಮೂರು ವಾರವಾದರೂ ಮೊಡವೆ ಹೋಗಿಲ್ಲ, ಜೆಲ್ ನಿಲ್ಲಿಸಲೇ?

ಪ್ರಶ್ನೆ: ವೈದ್ಯರು ಬರೆದುಕೊಟ್ಟ ಅಡಾಪಲೀನ್ ಜೆಲ್ ಹಚ್ಚಿ ಮೂರು ವಾರವಾಯಿತು. ಮುಖ ಸಿಪ್ಪೆ ಏಳುತ್ತಿದೆ, ಮೊಡವೆ ಹಾಗೆಯೇ ಇದೆ. ನಿಲ್ಲಿಸಬಹುದೇ?

ಉತ್ತರ: ಈಗಲೇ ನಿಲ್ಲಿಸಬೇಡಿ. ಇಂದು ಕಾಣುವ ಮೊಡವೆ ಇಂದು ಹುಟ್ಟಿದ್ದಲ್ಲ. ವಾರಗಳ ಮೊದಲೇ ರೋಮಕೂಪದೊಳಗೆ ಸತ್ತ ಜೀವಕೋಶಗಳು ಜಿಡ್ಡಿನೊಡನೆ ಅಂಟಿಕೊಂಡು ಬಿರಡೆಯಂತೆ ಕೂತಿರುತ್ತವೆ. ಅಡಾಪಲೀನ್‌ನಂಥ, ವಿಟಮಿನ್ ಎ ಬಳಗದ ರೆಟಿನಾಯ್ಡ್‌ಗಳು ಆ ಬಿರಡೆ ಕಟ್ಟುವುದನ್ನೇ ತಡೆಯುತ್ತವೆ. ಹಾಗಾಗಿಯೇ ಫಲ ಕಾಣಲು 8ರಿಂದ 12 ವಾರ ಬೇಕು. ಎದ್ದ ಮೊಡವೆಗಷ್ಟೇ ಚುಕ್ಕೆಯಿಟ್ಟರೆ ಸಾಲದು, ಮೊಡವೆ ಏಳುವ ಜಾಗಕ್ಕೆಲ್ಲ ತೆಳುವಾಗಿ ಸವರಬೇಕು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಹೆಚ್ಚು ಹಚ್ಚಿದರೆ ಹೆಚ್ಚುವುದು ಉರಿ ಮಾತ್ರ.

ಸಿಪ್ಪೆ ಏಳುವುದು ಹಾನಿಯ ಗುರುತಲ್ಲವೇ ಎಂಬ ಆತಂಕ ಸಹಜ. ಆದರೆ ಮೊದಲ ವಾರಗಳ ಈ ಒಣಗುವಿಕೆ ಹೆಚ್ಚಿನವರಲ್ಲಿ ತಾನಾಗಿ ತಗ್ಗುತ್ತದೆ. ಕಷ್ಟವೆನಿಸಿದರೆ ದಿನ ಬಿಟ್ಟು ದಿನ ರಾತ್ರಿ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಬಳಸಿ; ಹಗಲಲ್ಲಿ ಸನ್‌ಸ್ಕ್ರೀನ್ ಬಿಡಬೇಡಿ. ಮುಖ ಊದಿಕೊಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಗರ್ಭಿಣಿಯರು ಈ ಜೆಲ್ ಬಳಸಬಾರದು. ವಾರದಲ್ಲೇ ಮುಖ ತಿಳಿಯಾಗಿಸುವ ಕ್ರೀಮುಗಳೂ ಇವೆಯಲ್ಲ ಎಂದು ಕೇಳಬಹುದು. ನಮ್ಮ ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಅಂಥ ಕೆಲವು ಕ್ರೀಮುಗಳಲ್ಲಿ ಟ್ರೆಟಿನಾಯಿನ್ ಎಂಬ ಇನ್ನೊಂದು ರೆಟಿನಾಯ್ಡ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನು ಬೇಗ ಅಡಗಿಸುತ್ತದೆ ನಿಜ. ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಸ್ಟೀರಾಯ್ಡಿನಿಂದಲೇ ಹೊಸ ಮೊಡವೆ ಏಳುತ್ತದೆ.