ಸರಕು ವಾಹನಗಳ ಆಕ್ಸಲರೇಟರ್ ಪೆಡಲಿನ ದೋಷವನ್ನು ಪರೀಕ್ಷಿಸುವ ಕ್ರಮ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಜಮೀನುದಾರರು ಕಡಲೆಕಾಯಿ, ಹುಣಿಸೆಹಣ್ಣು ಮೊದಲಾದವನ್ನು ಪೇಟೆಗೆ ಸಾಗಿಸಲು ಸಣ್ಣ ಡೀಸೆಲ್ ಸರಕು ವಾಹನಗಳನ್ನೇ ಹೆಚ್ಚಾಗಿ ಅವಲಂಬಿಸಿರುವರು. ಇಂತಹ ವಾಹನವು ದಾರಿಯಲ್ಲಿ ಇದ್ದಕ್ಕಿದ್ದಂತೆ ವೇಗಗುಂದಿ, ಪೆಡಲನ್ನು ಎಷ್ಟು ಒತ್ತಿದರೂ ಮಂದಗತಿಯಲ್ಲಿಯೇ ಉಳಿಯುವುದುಂಟು. ಆಗ ಪರೀಕ್ಷೆಯಿಲ್ಲದೆ ಡೀಸೆಲ್ ಪಂಪನ್ನು ಬಿಚ್ಚಿಸುವುದು ವ್ಯರ್ಥವೆಚ್ಚಕ್ಕೆ ದಾರಿ.

ಹಿಂದಿನ ವಾಹನಗಳಲ್ಲಿ ಪೆಡಲಿಗೂ ಪಂಪಿಗೂ ಉಕ್ಕಿನ ತಂತಿಯ ಸಂಬಂಧವಿದ್ದಿತು. 2020ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳಿಗೆ ಒಳಪಟ್ಟ ಡೀಸೆಲ್ ವಾಹನಗಳಲ್ಲಿ ಅದಿಲ್ಲ; ಹೊಸ ಮಾದರಿಯ ದೊಡ್ಡ ಟ್ರಾಕ್ಟರುಗಳಲ್ಲಿಯೂ ಅನೇಕವು ಹೀಗೆಯೇ ಇರುವುವು. ಪೆಡಲಿನಲ್ಲಿರುವ ಎರಡು ಸೆನ್ಸರುಗಳು ಕಾಲು ಎಷ್ಟು ಒತ್ತಿತೆಂಬುದನ್ನು ವಿದ್ಯುತ್ತಿನ ಮೂಲಕ ವಾಹನದ ಕಂಪ್ಯೂಟರಿಗೆ ತಿಳಿಸುವುವು. ಇಬ್ಬರು ಸಾಕ್ಷಿಗಳ ಮಾತು ತಾಳೆಯಾಗದಾಗ ಊರ ಹಿರಿಯರು ತೀರ್ಪನ್ನು ತಡೆಹಿಡಿಯುವಂತೆ, ಇವೆರಡೂ ಹೊಂದದಿದ್ದರೆ ಕಂಪ್ಯೂಟರು ವಾಹನವು ತಾನಾಗಿ ನುಗ್ಗದಂತೆ ಯಂತ್ರದ ವೇಗವನ್ನು ತಗ್ಗಿಸಿ, ಎಚ್ಚರಿಕೆಯ ದೀಪವನ್ನು ಹೊತ್ತಿಸುವುದು.

ಮೊದಲು ವಾಹನವನ್ನು ನಿಲ್ಲಿಸಿ, ಕೈಬ್ರೇಕು ಹಾಕಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು ಪೆಡಲನ್ನು ಒತ್ತಿ ನೋಡತಕ್ಕದ್ದು. ಯಂತ್ರವು ಸಲೀಸಾಗಿ ಏರಿ, ಹೊರೆಯೊಡನೆ ಏರುದಾರಿಯಲ್ಲಿ ಮಾತ್ರ ಸೋತರೆ ಡೀಸೆಲ್ ಫಿಲ್ಟರು ಅಥವಾ ಗಾಳಿ ಫಿಲ್ಟರನ್ನು ಶಂಕಿಸಬೇಕು. ಯಂತ್ರವು ಕದಲದಿದ್ದರೆ ಇಲ್ಲವೆ ತಡವರಿಸಿ ಏರಿಳಿದರೆ ಪೆಡಲಿನ ಕಡೆಗೆ ಗಮನ ಕೊಡತಕ್ಕದ್ದು.

ಸ್ಕ್ಯಾನರಿನಲ್ಲಿ ಪಿ 2122, ಪಿ 2123, ಪಿ 2127 ಅಥವಾ ಪಿ 2128 ಎಂದು ಕಂಡರೆ ಒಂದು ಸೆನ್ಸರಿನ ವೋಲ್ಟೇಜು ಮಿತಿಮೀರಿ ತಗ್ಗಿದೆ ಅಥವಾ ಏರಿದೆಯೆಂದೂ, ಪಿ 2138 ಎಂದರೆ ಎರಡೂ ಹೊಂದುತ್ತಿಲ್ಲವೆಂದೂ ಅರ್ಥ. ಆದರೆ ಇಷ್ಟರಿಂದಲೇ ಪೆಡಲು ಕೆಟ್ಟಿತೆಂದು ತೀರ್ಮಾನಿಸಲಾಗದು. ಕಡಲೆಕಾಯಿ ಮೂಟೆಗಳ ಬಳಿ ನಿಲ್ಲಿಸಿದ ವಾಹನದ ತಂತಿಗಳನ್ನು ಇಲಿಗಳು ಕಡಿದಿರಬಹುದು. ಕನೆಕ್ಟರು ಸಡಿಲವಾಗಿರಬಹುದು, ಅದರೊಳಗೆ ಧೂಳು, ತೇವ ಸೇರಿರಬಹುದು. ಇವನ್ನು ಕಣ್ಣಿನಿಂದಲೇ ನೋಡಬಹುದು, ಖರ್ಚಿಲ್ಲ.

ಅನಂತರ ಕೀಲಿಯನ್ನು ತಿರುಗಿಸಿ, ಯಂತ್ರವನ್ನು ಚಾಲೂ ಮಾಡದೆ, ಮಲ್ಟಿಮೀಟರಿನಿಂದ ಅಳೆಯಿಸಬೇಕು. ಸಾಮಾನ್ಯವಾಗಿ ಪೆಡಲಿಗೆ 5 ವೋಲ್ಟು ಬರತಕ್ಕದ್ದು. ಬಾರದಿದ್ದರೆ ಹೊಸ ಪೆಡಲಿನಿಂದ ಪ್ರಯೋಜನವಿಲ್ಲ. ತಂತಿಯೋ, ಅದೇ ವಿದ್ಯುತ್ತನ್ನು ಹಂಚಿಕೊಂಡ ಬೇರೊಂದು ಸೆನ್ಸರೋ ಕೆಟ್ಟಿರುವುದು. 5 ವೋಲ್ಟು ಬರುತ್ತಿದ್ದರೆ ಪೆಡಲನ್ನು ಮೆಲ್ಲಗೆ ಒತ್ತಿಸಬೇಕು. ಬಹಳ ವಾಹನಗಳಲ್ಲಿ ಒಂದು ಸೆನ್ಸರಿನ ಅಂಕಿ ಸುಮಾರು 0.75ರಿಂದಲೂ ಇನ್ನೊಂದರದು ಅದರ ಅರ್ಧದಿಂದಲೂ ಆರಂಭವಾಗಿ, ಅದೇ ಪ್ರಮಾಣದಲ್ಲಿ ಏರುವುವು. ತಯಾರಕರಿಂದ ತಯಾರಕರಿಗೆ ಅಂಕಿಗಳು ಬೇರೆಯಾಗುವುದರಿಂದ ಕೈಪಿಡಿಯನ್ನು ನೋಡತಕ್ಕದ್ದು. ನಡುವೆ ಎಲ್ಲಿಯಾದರೂ ಅಂಕಿ ಥಟ್ಟನೆ ಬಿದ್ದರೆ ಪೆಡಲನ್ನು ಬದಲಿಸಬೇಕಾಗುವುದು. ಪೆಡಲಿನಲ್ಲಿ ಸರಿಯಾಗಿದ್ದು ಕಂಪ್ಯೂಟರಿನ ತುದಿಯಲ್ಲಿ ತಪ್ಪಿದರೆ ನಡುವಣ ತಂತಿಯದೇ ದೋಷ.

ದೀಪವನ್ನು ಆರಿಸುವುದಕ್ಕಾಗಿ ಎರಡು ಸಂಕೇತಗಳ ತಂತಿಗಳನ್ನು ಒಂದಕ್ಕೊಂದು ಕಟ್ಟಲು ಯಾರಿಗೂ ಅವಕಾಶ ಕೊಡಬಾರದು. ಹಾಗೆ ಮಾಡಿದರೆ ವಾಹನವನ್ನು ಕಾಯುವ ಏರ್ಪಾಡೇ ಹೋಗುವುದು. ಹೊಸ ಪೆಡಲನ್ನು ಹಾಕಿದ ಮೇಲೆ ಕೆಲವು ವಾಹನಗಳಲ್ಲಿ ಅದರ ಸ್ಥಾನವನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಪರಿಚಯಿಸಬೇಕು. ಇಲ್ಲದಿದ್ದರೆ ದೀಪವು ಮತ್ತೆ ಹೊತ್ತುವುದುಂಟು.