ಎರಡಿಂಚು ಪಿನ್ನು, 55 ಟನ್ ಭಾರ

ನಾವುಂದದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ನಿಂತರೆ ಕರಾವಳಿಯ ವ್ಯಾಪಾರವೆಲ್ಲ ಕಣ್ಣೆದುರೇ ಹಾದುಹೋಗುತ್ತದೆ. ಬಂದರಿನ ಕಂಟೇನರುಗಳು, ಕಬ್ಬಿಣ ಹೇರಿದ ಟ್ರೈಲರುಗಳು, ಮಂಗಳೂರಿನಿಂದ ಹೊರಟ ಗ್ಯಾಸ್ ಬುಲೆಟ್ ಟ್ಯಾಂಕರುಗಳು. ಒಂದು ಬುಲೆಟ್ ಟ್ಯಾಂಕರಿನಲ್ಲಿ ಸುಮಾರು 18 ಟನ್ ಅಡುಗೆ ಅನಿಲ ಇರುತ್ತದೆ. ಮನೆಗೆ ಬರುವ 14.2 ಕೆ.ಜಿ. ಸಿಲಿಂಡರಿನ ಲೆಕ್ಕ ಹಾಕಿದರೆ 1,260ಕ್ಕೂ ಹೆಚ್ಚು ಮನೆಗಳ ಒಲೆ ಒಂದೇ ಗಾಡಿಯ ಬೆನ್ನ ಮೇಲೆ ಹೋಗುತ್ತಿದೆ. ಆ ಇಡೀ ಟ್ಯಾಂಕರನ್ನು ಎಳೆಯುವ ಮುಂದಿನ ಎಂಜಿನ್ ಗಾಡಿಗೆ, ಅಂದರೆ ಹಾರ್ಸ್‌ಗೆ ಹಿಡಿದು ನಿಲ್ಲಿಸಿರುವುದು ಉಕ್ಕಿನ ಒಂದೇ ಒಂದು ಪಿನ್ನು. ಅದರ ದಪ್ಪ 50.8 ಮಿ.ಮೀ., ಅಂದರೆ ಸರಿಯಾಗಿ ಎರಡಿಂಚು.

ಈ ಜೋಡಣೆಗೆ ಫಿಫ್ತ್ ವೀಲ್ ಎಂದು ಹೆಸರು. ಹಾರ್ಸ್‌ನ ಹಿಂದಿನ ಆಕ್ಸಲ್‌ಗಳ ಮೇಲೆ ಗ್ರೀಸ್ ಮೆತ್ತಿದ ಅಗಲವಾದ ಕಬ್ಬಿಣದ ತಟ್ಟೆ ಇದೆ. ಅದರ ಹಿಂಬದಿಯಲ್ಲಿ ಬಾಯಿ ತೆರೆದಂಥ ಸೀಳು. ಚಾಲಕ ಹಾರ್ಸನ್ನು ನಿಧಾನವಾಗಿ ಹಿಂದಕ್ಕೆ ಬಿಡುತ್ತಾನೆ. ಟ್ರೈಲರಿನ ಅಡಿಯಲ್ಲಿ ಇಳಿಬಿದ್ದ ಪಿನ್ನು ಆ ಸೀಳಿನೊಳಗೆ ಜಾರಿ ಬಂದು ಕೂತ ಕ್ಷಣ ದವಡೆ ಖಟ್ಟೆಂದು ಮುಚ್ಚಿಕೊಳ್ಳುತ್ತದೆ. ಕ್ಲೀನರ್ ಬಗ್ಗಿ ಲಾಕ್ ಬಿದ್ದಿದೆಯೇ ನೋಡುತ್ತಾನೆ, ಬ್ರೇಕಿನ ಗಾಳಿ ಪೈಪುಗಳನ್ನೂ ಲೈಟಿನ ವೈರನ್ನೂ ಸಿಕ್ಕಿಸುತ್ತಾನೆ. ಅಲ್ಲಿಗೆ ಕೆಲಸ ಮುಗಿಯಿತು. ತಟ್ಟೆ ಭಾರ ಹೊರುತ್ತದೆ, ಪಿನ್ನು ಎಳೆಯುತ್ತದೆ. ಹೊರುವ ಕೆಲಸ ಬೇರೆ, ಎಳೆಯುವ ಕೆಲಸ ಬೇರೆ. ಗಾಡಿ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ತೂಕದ ಮಿತಿಯನ್ನು ಏರಿಸಿತು. ಮುಂದಿನ ಆಕ್ಸಲ್‌ಗೆ 7 ಟನ್, ಹಾರ್ಸ್‌ನ ಹಿಂದಿನ ಜೋಡಿ ಆಕ್ಸಲ್‌ಗೆ 21, ಟ್ರೈಲರಿನ ಮೂರು ಆಕ್ಸಲ್‌ಗೆ 27. ಕೂಡಿದರೆ 55 ಟನ್. ಇಂಥ ಗಾಡಿಗೆ 22 ಟೈರು, ಟೈರಿಗೆ ಎರಡೂವರೆ ಟನ್. ಲಾರಿ ಟೈರಿನ ಗಾಳಿಯ ಒತ್ತಡ 120 ಪಿಎಸ್‌ಐ ಆಸುಪಾಸು, ಅಂದರೆ ಚದರ ಸೆಂಟಿಮೀಟರಿಗೆ ಎಂಟು ಕೆ.ಜಿ.ಗಿಂತ ತುಸು ಹೆಚ್ಚು. ಹಾಗಾಗಿ ಒಂದೊಂದು ಟೈರು ನೆಲ ಮುಟ್ಟುವ ಜಾಗ ಸುಮಾರು 300 ಚದರ ಸೆಂಟಿಮೀಟರ್ ಮಾತ್ರ. ಇಪ್ಪತ್ತೆರಡೂ ಟೈರುಗಳದ್ದು ಸೇರಿಸಿದರೆ ಮುಕ್ಕಾಲು ಚದರ ಮೀಟರೂ ಆಗುವುದಿಲ್ಲ. ಒಬ್ಬರು ಮಲಗುವ ಚಾಪೆಯ ಅರ್ಧದಷ್ಟು ಜಾಗದ ಮೇಲೆ 55 ಟನ್ ನಿಂತು ಓಡುತ್ತಿದೆ.

ಭಾರ ಎಷ್ಟೇ ಬೆಳೆದರೂ ಒಂದು ಚಕ್ರದ ಪಾಲು ಬೆಳೆಯಕೂಡದು ಎನ್ನುವುದು ನಮ್ಮ ಜಿಲ್ಲೆಗೆ ಹಳೆಯ ಪಾಠ. 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ನಿಂತ ಗೊಮ್ಮಟನ ತೂಕ 80 ಟನ್ ಎನ್ನುತ್ತಾರೆ. ಅದನ್ನು ಇಪ್ಪತ್ತು ಬಂಡಿಗಳ ಸಾಲಿನ ಮೇಲೆ ಹತ್ತಿಸಿದರೆಂಬ ಪ್ರತೀತಿ ಇದೆ. ಐನೂರು ವರ್ಷ ಕಳೆದ ಮೇಲೆ ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು 39 ಅಡಿಯ ಬಾಹುಬಲಿಯನ್ನು ಕಡೆದರು. ಸುಮಾರು 170 ಟನ್ನಿನ ಆ ಏಕಶಿಲೆ 1973ರಲ್ಲಿ ಧರ್ಮಸ್ಥಳಕ್ಕೆ ಹೋದದ್ದು 64 ಚಕ್ರದ ಟ್ರಾಲಿಯ ಮೇಲೆ. ಭಾಗಿಸಿ ನೋಡಿ: ಚಕ್ರಕ್ಕೆ ಮೂರು ಟನ್ನಿಗಿಂತ ಕಡಿಮೆ. ನಾವುಂದದಲ್ಲಿ ಇಂದು ಹಾದುಹೋದ ಕಂಟೇನರಿನ ಟೈರು ಹೊತ್ತದ್ದೂ ಹೆಚ್ಚುಕಡಿಮೆ ಅಷ್ಟೇ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಿಂದ ಬೆಂಗಳೂರಿನ ಈಜಿಪುರಕ್ಕೆ 2018–19ರಲ್ಲಿ ತಿಂಗಳುಗಟ್ಟಲೆ ತೆವಳಿ ಬಂದ ಮಹಾವಿಷ್ಣುವಿನ ಶಿಲೆ ಮುನ್ನೂರು ಟನ್ ಮೀರಿತ್ತು. ಅದಕ್ಕೆ 240 ಟೈರು ಬೇಕಾಯಿತು.

ಆಕ್ಸಲ್ ತೂಕದ ಮಿತಿ ಮೀರಿದರೆ ರಸ್ತೆಗೆ ಏನಾಗುತ್ತದೆ? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಹೊಸ ರಸ್ತೆಗಳನ್ನೇ ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಎರಡಲ್ಲ, ಸುಮಾರು ಹದಿನಾರು ಪಟ್ಟಾಗುತ್ತದೆ ಎಂದು ಗೊತ್ತಾಯಿತು. ನಾಲ್ಕನೆಯ ಘಾತದ ಲೆಕ್ಕ ಇದು. ಸಣ್ಣ ಕಾರಿನ ಆಕ್ಸಲ್ ಅರ್ಧ ಟನ್, ಲಾರಿಯ ಹಿಂದಿನ ಒಂಟಿ ಆಕ್ಸಲ್ ಹನ್ನೊಂದೂವರೆ ಟನ್. ಅನುಪಾತ 23. ಇಪ್ಪತ್ತಮೂರನ್ನು ನಾಲ್ಕು ಸಲ ಗುಣಿಸಿದರೆ 2,79,841. ಆ ಒಂದು ಆಕ್ಸಲ್ ಮರವಂತೆಯಲ್ಲಿ ಕಡಲು ಮತ್ತು ಸೌಪರ್ಣಿಕೆಯ ನಡುವಿನ ರಸ್ತೆಯನ್ನು ಒಮ್ಮೆ ದಾಟಿದರೆ, ಸವೆತ ಕಾರಿನ ಆಕ್ಸಲ್ ಎರಡೂ ಮುಕ್ಕಾಲು ಲಕ್ಷ ಸಲ ದಾಟಿದಷ್ಟು. ಪಿಕಪ್ಪಿನ ಆಕ್ಸಲ್ ಮೇಲಿನ ಭಾರ ಶೇ 20 ಹೆಚ್ಚಾದರೂ ಅದರಿಂದ ಆಗುವ ಸವೆತ ದುಪ್ಪಟ್ಟು.

ಇಷ್ಟು ಭಾರವನ್ನು ಎಳೆಯಲು ಎಷ್ಟು ಶಕ್ತಿ ಬೇಕು? ಬೆರಗಿನ ಸಂಗತಿ ಇಲ್ಲಿದೆ. ಗಾಳಿಯ ತಡೆಯನ್ನು ಬಿಟ್ಟರೆ ಸಮತಟ್ಟಾದ ಡಾಂಬರಿನ ಮೇಲೆ ಲಾರಿ ಟೈರು ಉರುಳಲು ಬೇಕಾದ ಬಲ ತೂಕದ ಶೇ 0.7ರಷ್ಟು. 55 ಟನ್ ಗಾಡಿಗೆ 385 ಕೆ.ಜಿ. ಬಲ ಸಾಕು! ಬಿಜೂರಿನ ಮೇಲೆ ಹೋಗುವ ಕೊಂಕಣ ರೈಲು ಹಳಿಯಲ್ಲಾದರೆ ಇನ್ನೂ ಕಡಿಮೆ, ಅದೇ ಭಾರಕ್ಕೆ ನೂರು ಕೆ.ಜಿ. ಒಳಗೇ. ಅದಕ್ಕೇ ಅಲ್ಲವೇ, ಸರಕು ತುಂಬಿದ ಲಾರಿಗಳನ್ನೇ ಚಾಲಕರ ಸಮೇತ ರೈಲಿಗೇರಿಸುವ ರೋರೋ ಸೇವೆ 1999ರಲ್ಲಿ ಶುರುವಾಗಿ 2004ರಲ್ಲಿ ಸುರತ್ಕಲ್‌ವರೆಗೆ ಬಂದದ್ದು. ಹಳಿಯ ಸಲೀಸು ಕೆಡದಂತೆ ಆ ಮಾರ್ಗದ ಏರನ್ನು 150 ಮೀಟರಿಗೆ ಒಂದು ಮೀಟರಿನಷ್ಟಕ್ಕೇ ಮಿತಿಗೊಳಿಸಿ ಕಟ್ಟಿದ್ದಾರೆ. ಏರಿನ ಶಕ್ತಿಯೇ ಅಂಥದ್ದು. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಗೆ ಬಂದರೆ ನಮ್ಮ 385 ಕೆ.ಜಿ. ಒಮ್ಮೆಗೇ 3,700ರ ಹತ್ತಿರಕ್ಕೆ ಜಿಗಿಯುತ್ತದೆ.

ಏರಿನ ಲೆಕ್ಕವನ್ನು ಪೆಟ್ರೋಲಿನಲ್ಲಿ ಹೇಳಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 34 ಮೆಗಾಜೂಲ್ ಶಕ್ತಿ ಅಡಗಿದೆ. ಆರು ಟನ್ ಗಾಡಿಯನ್ನು ಕಡಲ ಮಟ್ಟದಿಂದ 640 ಮೀಟರ್ ಎತ್ತರದ ಆಗುಂಬೆಗೆ ಎತ್ತಲು ಬೇಕಾದ ಶಕ್ತಿ 38 ಮೆಗಾಜೂಲಿನ ಹತ್ತಿರ. ಒಂದು ಲೀಟರಿಗಿಂತ ತುಸು ಹೆಚ್ಚು, ಅಷ್ಟೇ! ಎಂಜಿನ್ನು ಅದರಲ್ಲಿ ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ ಎಂದು ಹಿಡಿದರೆ ನಾಲ್ಕೂವರೆ ಲೀಟರ್. ಆರು ಟನ್ ಭಾರವನ್ನು ಘಟ್ಟದ ನೆತ್ತಿಗೆ ಎತ್ತುವುದಷ್ಟಕ್ಕೇ ಆದರೆ ಅಷ್ಟು ಸಾಕು.

ನಿಲ್ಲಿಸುವ ಲೆಕ್ಕ ಇದಕ್ಕಿಂತ ಗಂಭೀರ. ಗಂಟೆಗೆ 60 ಕಿ.ಮೀ. ವೇಗದ 55 ಟನ್ ಗಾಡಿಯಲ್ಲಿ 7.6 ಮೆಗಾಜೂಲ್ ಶಕ್ತಿ ತುಂಬಿರುತ್ತದೆ. ಅಡ್ಡ ಬಂದ ದನಕ್ಕಾಗಿ ಬ್ರೇಕ್ ಒತ್ತಿದರೆ ಅದಷ್ಟೂ ಕೆಲವೇ ಸೆಕೆಂಡಿನಲ್ಲಿ ಬ್ರೇಕ್ ಡ್ರಮ್ಮುಗಳಲ್ಲಿ ಶಾಖವಾಗಿ ಇಳಿಯಬೇಕು. 26 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಅದು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಯುವ ಆರು ಟನ್ ಗಾಡಿಯೂ ಹತ್ತುವಾಗ ಪಡೆದ ಶಕ್ತಿಯನ್ನೆಲ್ಲ ಹೀಗೇ ಕಳೆದುಕೊಳ್ಳಬೇಕು. ಬ್ರೇಕನ್ನೇ ನಂಬಿ ಇಳಿದರೆ ಲೈನರ್ ಸುಟ್ಟ ವಾಸನೆ ಬರುತ್ತದೆ. ಸಣ್ಣ ಗೇರಿನಲ್ಲಿ ಎಂಜಿನ್ನೇ ತಡೆದು ಹಿಡಿಯಬೇಕು.

ಈಗ ಪಿಕಪ್ಪಿಗೆ ಬರೋಣ. ಅಮೆರಿಕದಲ್ಲಿರುವ ನಮ್ಮವರು ಕಾಣುವ ಒಂದು ನೋಟ ಇಲ್ಲಿಲ್ಲ: ಅಡುಗೆಮನೆ, ಮಲಗುವ ಕೋಣೆ, ಶೌಚಾಲಯ ಇರುವ ಇಡೀ ಮನೆಯನ್ನು ಪಿಕಪ್ಪಿನ ತೊಟ್ಟಿಯಲ್ಲಿ ಕೂರಿಸಿದ ಫಿಫ್ತ್ ವೀಲ್‌ಗೆ ಸಿಕ್ಕಿಸಿ ಹೆದ್ದಾರಿಯಲ್ಲಿ ಎಳೆದೊಯ್ಯುವುದು. ಅಂಥ ಕೆಲಸಕ್ಕೆ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ ಬರುವ ಪೆಟ್ರೋಲ್ ಎಂಜಿನ್ನು 7.3 ಲೀಟರಿನದು, 430 ಅಶ್ವಶಕ್ತಿ. ನಮ್ಮ ಟಾಟಾ ಏಸ್ ಪೆಟ್ರೋಲ್ 694 ಸಿಸಿ, 30 ಅಶ್ವಶಕ್ತಿ. ಒಂದರ ಹೊಟ್ಟೆಯಲ್ಲಿ ಇನ್ನೊಂದರ ಎಂಜಿನ್ನು ಹತ್ತೂವರೆ ಸಲ ಹಿಡಿಯುತ್ತದೆ. ಅದೇ ಫೋರ್ಡಿನ ದೊಡ್ಡ ಡೀಸೆಲ್ಲಿನ ತಿರುಚು ಬಲ 1,600 ನ್ಯೂಟನ್ ಮೀಟರ್ ದಾಟುತ್ತದೆ, ಪೆಟ್ರೋಲಿನದು 650ರ ಆಸುಪಾಸು. ಅಂಕಿ ನೋಡಿದವರು ಡೀಸೆಲ್ಲೇ ಸೈ ಎನ್ನುತ್ತಾರೆ.

ಆದರೆ ಹೊರುವ ಲೆಕ್ಕ ಹಾಕಿ ನೋಡಿ. ಒಟ್ಟು ತೂಕ 4,536 ಕೆ.ಜಿ., ಅಂದರೆ ಹತ್ತು ಸಾವಿರ ಪೌಂಡ್ ಮೀರಬಾರದ ಒಂದು ಪಿಕಪ್ಪನ್ನು ಉದಾಹರಣೆಗೆ ಹಿಡಿಯೋಣ. ಪೆಟ್ರೋಲ್ ಗಾಡಿಯ ಸ್ವಂತ ತೂಕ 3,100 ಕೆ.ಜಿ. ಇರಲಿ. ಡೀಸೆಲ್ ಎಂಜಿನ್ನು ಮತ್ತದರ ಪರಿಕರಗಳಿಂದ ಇನ್ನೊಂದು ಗಾಡಿ ಸುಮಾರು 300 ಕೆ.ಜಿ. ಹೆಚ್ಚು ತೂಗುತ್ತದೆ. ಹಿಂದಿನ ಮನೆ 5,000 ಕೆ.ಜಿ. ಫಿಫ್ತ್ ವೀಲ್ ಟ್ರೈಲರಿನ ತೂಕದಲ್ಲಿ ಐದನೇ ಒಂದರಷ್ಟು ಪಿನ್ನಿನ ಜಾಗದಲ್ಲಿ ಪಿಕಪ್ಪಿನ ಮೇಲೆ ಕೂರುತ್ತದೆ: 1,000 ಕೆ.ಜಿ. ತಟ್ಟೆ ಮತ್ತದರ ಚೌಕಟ್ಟು 80, ಒಳಗೆ ಕೂತ ನಾಲ್ವರು 280, ಸಾಮಾನು 50. ಒಟ್ಟು 1,410. ಪೆಟ್ರೋಲ್ ಗಾಡಿ 4,510ಕ್ಕೆ ನಿಲ್ಲುತ್ತದೆ, ಮಿತಿಯೊಳಗೆ ಉಳಿದದ್ದು 26 ಕೆ.ಜಿ. ಡೀಸೆಲ್ ಗಾಡಿ 4,810ಕ್ಕೆ ಹೋಗಿ 274 ಕೆ.ಜಿ. ಮಿತಿ ಮೀರುತ್ತದೆ. ಎರಡೂವರೆ ಪಟ್ಟು ತಿರುಚು ಬಲದ ಎಂಜಿನ್ನು ಹೊರುವ ಪರೀಕ್ಷೆಯಲ್ಲಿ ನಪಾಸು! ಪೆಟ್ರೋಲ್ ಗಾಡಿ ಪಾಸಾದರೂ ಇನ್ನೊಂದು 25 ಕೆ.ಜಿ. ಅಕ್ಕಿ ಚೀಲ ಇಟ್ಟರೆ ಮುಗಿಯಿತು. ಕ್ಯಾಟಲಾಗಿನಲ್ಲಿ ಅದು ಆರೇಳು ಟನ್ ಎಳೆಯುತ್ತದೆ ಎಂದು ಬರೆದಿದ್ದರೂ ಅಷ್ಟೇ.

ಪೆಟ್ರೋಲಿಗೂ ಅದರದೇ ದೌರ್ಬಲ್ಯಗಳಿವೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನು ಎತ್ತರಕ್ಕೆ ಹೋದಂತೆ ಉಸಿರು ಕಳೆದುಕೊಳ್ಳುತ್ತದೆ, ಪ್ರತಿ 300 ಮೀಟರಿಗೆ ಸುಮಾರು ಶೇ 3. ಕೊಲರಾಡೊದ ಐಸೆನ್‌ಹೋವರ್ ಸುರಂಗ 3,401 ಮೀಟರ್ ಎತ್ತರದಲ್ಲಿದೆ. ಅಲ್ಲಿ 430 ಕುದುರೆಗಳಲ್ಲಿ ಉಳಿಯುವುದು ಮುನ್ನೂರರ ಆಸುಪಾಸು. ವೇಗವೂ ಹಾಗೆಯೇ ತಿನ್ನುತ್ತದೆ. ಗಂಟೆಗೆ 60ರ ಬದಲು 105 ಕಿ.ಮೀ.ನಲ್ಲಿ ಹೋದರೆ ಎದುರು ಗಾಳಿಯ ತಡೆ ಮೂರು ಪಟ್ಟು. ನಾಲ್ಕು ಮೀಟರ್ ಎತ್ತರದ ಮನೆಯನ್ನು ಆ ಗಾಳಿಗೆ ಒಡ್ಡಿದ ಪೆಟ್ರೋಲ್ ಪಿಕಪ್ಪು ಲೀಟರಿಗೆ ಮೂರು ಮೂರೂವರೆ ಕಿ.ಮೀ. ಕೊಟ್ಟರೆ ಹೆಚ್ಚು. ಹೆದ್ದಾರಿ 66ರ 55 ಟನ್ ಟ್ರೈಲರು ಲೀಟರ್ ಡೀಸೆಲ್ಲಿಗೆ ಕೊಡುವುದೂ ಮೂರರ ಹತ್ತಿರವೇ. ಭಾರ ಆರು ಪಟ್ಟು ಹೆಚ್ಚು, ಖರ್ಚು ಬಹುಪಾಲು ಒಂದೇ.

ಇದನ್ನೆಲ್ಲ ನಾವುಂದದ ಅಂಗಳಕ್ಕೆ ತಂದರೆ ಆಯ್ಕೆ ಸ್ಪಷ್ಟವಾಗುತ್ತದೆ. ಗಂಗೊಳ್ಳಿಯಿಂದ ಐಸ್ ಹಾಕಿದ ಮೀನು ತರುವವರು, ಕೆಂಪುಕಲ್ಲು ಹೇರುವವರು, ತೋಟಕ್ಕೆ ಗೊಬ್ಬರ ಒಯ್ಯುವವರು, ಇವರ ಅಗತ್ಯ ಬೇರೆ ಬೇರೆ. ಊರೊಳಗೇ ದಿನಕ್ಕೆ ನಾಲ್ಕೈದು ಸಣ್ಣ ಸುತ್ತು, 750 ಕೆ.ಜಿ. ಒಳಗಿನ ಮಾಲು ಎಂದರೆ ಪೆಟ್ರೋಲ್ ಏಸ್ ಸಾಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ಲುಗಳ ಹೊಗೆ ಫಿಲ್ಟರು ಸಣ್ಣ ಓಟದಲ್ಲಿ ಬಿಸಿಯಾಗದೆ ಮಸಿ ಕಟ್ಟಿಕೊಳ್ಳುತ್ತದೆ, ಪೆಟ್ರೋಲ್ ಏಸಿಗೆ ಆ ತಾಪತ್ರಯವಿಲ್ಲ. ಆದರೆ ಒಂದೊಂದು 30 ಕೆ.ಜಿ. ಎಂದು ಹಿಡಿದರೆ ಇಪ್ಪತ್ತೈದು ಕೆಂಪುಕಲ್ಲಿಗೇ ಅದರ ಮಿತಿ ಮುಗಿಯಿತು. ದಿನವೂ ಟನ್ನುಗಟ್ಟಲೆ ಹೇರಿ ಘಟ್ಟ ಹತ್ತಬೇಕಾದವರಿಗೆ 2,523 ಸಿಸಿ ಟರ್ಬೊ ಡೀಸೆಲ್ಲಿನ ಬೊಲೆರೊ ಪಿಕಪ್ಪಿನಂಥದ್ದೇ ಬೇಕು. ಏಸಿನ 55 ನ್ಯೂಟನ್ ಮೀಟರಿನ ಎದುರು ಅದರದು 200ರ ಹತ್ತಿರ.

ಎಷ್ಟು ಎಳೆಯುತ್ತದೆ ಎಂದು ಶೋರೂಮಿನಲ್ಲಿ ಎಲ್ಲರೂ ಕೇಳುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಎಳೆಯುವುದು ಎಲ್ಲಕ್ಕಿಂತ ಸುಲಭದ ಕೆಲಸ ಎಂದು ಮೇಲಿನ ಅಂಕಿಗಳು ಹೇಳುತ್ತಿವೆ. ಕೇಳಬೇಕಾದದ್ದು ಎರಡೇ: ಇದರ ಮೈಮೇಲೆ ಎಷ್ಟು ಹೊರಿಸಬಹುದು, ಹೊರಿಸಿದ್ದನ್ನು ಇಳಿಜಾರಿನಲ್ಲಿ ಹೇಗೆ ನಿಲ್ಲಿಸುತ್ತದೆ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕವೂ ತುಂಬಿದ ಗಾಡಿಯ ತೂಕವೂ ಬರೆದಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಮಾಮೂಲಿ ಹೇರುವಷ್ಟೇ ಹೇರಿ ವೇಬ್ರಿಡ್ಜಿಗೆ ಒಯ್ದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ. ಚೀಟಿಯಲ್ಲಿ ಬರುವ ಅಂಕಿ ಮಿತಿ ದಾಟಿದ್ದರೆ ಮಾಲು ಇಳಿಸಿ, ಇಲ್ಲವೇ ದೊಡ್ಡ ಗಾಡಿ ನೋಡಿ. ಈ ರಸ್ತೆಯಲ್ಲಿ ನಮ್ಮ ಮಕ್ಕಳು ಶಾಲೆಗೆ ನಡೆಯುತ್ತಾರೆ. ಅವರ ಸುರಕ್ಷೆ ಕ್ಯಾಟಲಾಗಿನ ಅಶ್ವಶಕ್ತಿಯಲ್ಲಿಲ್ಲ, ಆ ಚೀಟಿಯ ಅಂಕಿಯಲ್ಲಿದೆ.